ಮೈ ತುಂಬದ ಕಾಗದ

ವಸಂತದಲ್ಲಿ ಯಾರಾದರೂ ಕುದುರೆ ಮಾರುತ್ತಾರೇನೇ ಎಂದು ನುರಿಲಾ ಅಜ್ಜಿ ಸೊಸೆಯನ್ನು ಕೇಳಿದ್ದು ಏಪ್ರಿಲ್ ತಿಂಗಳಲ್ಲಿ. ಆ ಒಂದು ಮಾತಿನಿಂದ ಆ ಮನೆ ಏನೇನು ಕಂಡಿತು ಎಂದು ಹೇಳಬೇಕಾದರೆ ಅದರ ಹಿಂದಿನ ನವೆಂಬರಿಗೆ ಹೋಗಬೇಕು.

ಆ ನವೆಂಬರಿನಲ್ಲಿ ಅಜ್ಜಿಯ ಗಂಡ ಸಾದ್ವಕಾಸ್, ಕೆಗೆನ್ ಕಡೆಯ ಹಳ್ಳಿಯಲ್ಲಿ ತೀರಿಕೊಂಡ. ಬದುಕೆಲ್ಲ ಕುದುರೆ ಕಾಯ್ದ ಮನುಷ್ಯ. ಮಣ್ಣು ಮಾಡಿ ಬಂದ ದಿನವೇ ಅವನ ತಮ್ಮ ದಾವ್ಲೆತ್, ಅಣ್ಣ ಏರುತ್ತಿದ್ದ ಕಂದು ಕುದುರೆಯ ಬಾಲವನ್ನೂ ಜೂಲನ್ನೂ ಕತ್ತರಿಸಿ ತನ್ನ ಹಿಂಡಿಗೆ ಬಿಟ್ಟ. ಹಾಗೆ ಕತ್ತರಿಸಿದ ಮೇಲೆ ಅದನ್ನು ಯಾರೂ ಏರುವ ಹಾಗಿಲ್ಲ, ಮಾರುವ ಹಾಗಿಲ್ಲ. ವರ್ಷ ತುಂಬಿದಾಗ ಅದನ್ನು ಕಡಿದು ಬಂಧುಬಳಗಕ್ಕೆ ಊಟ ಹಾಕಬೇಕು. ಆ ವರ್ಷದೂಟದ ಮಾಂಸದಲ್ಲಿ ಒಂದು ತುಂಡನ್ನೂ ಮನೆಗೆಂದು ಎತ್ತಿಡಬಾರದು ಎನ್ನುವುದು ಸಾದ್ವಕಾಸನ ಮನೆತನದವರ ಕಟ್ಟುನಿಟ್ಟು. ಊಟ ಮುಗಿದ ಮೇಲೆ ಹೆಂಡತಿ ತಲೆಯ ಕಪ್ಪು ವಸ್ತ್ರ ತೆಗೆಯುತ್ತಾಳೆ. ಅಲ್ಲಿಯವರೆಗೆ ಸತ್ತವನೂ ಪೂರ್ತಿ ಹೋಗಿರುವುದಿಲ್ಲ, ಇದ್ದವಳೂ ಪೂರ್ತಿ ಬದುಕಿರುವುದಿಲ್ಲ.

ಅಜ್ಜಿ ಉಳಿದ ಆರು ಕುದುರೆ ಮಾರಿ, ಕಪ್ಪು ವಸ್ತ್ರ ಕಟ್ಟಿಕೊಂಡು, ಅಲ್ಮಾಟಿಯಲ್ಲಿ ಮಗ ಮುಖಿತನ ಐದನೇ ಮಹಡಿಯ ಮನೆಗೆ ಬಂದಳು. ಮಾರಿದ ಹಣ ಮೂವತ್ತು ಲಕ್ಷ ತೆಂಗೆ. ವರ್ಷದೂಟಕ್ಕೆ ಇನ್ನೂರು ಜನ ಆಗುತ್ತಾರೆ, ಖರ್ಚು ಅದಕ್ಕಿಂತ ಹೆಚ್ಚೇ ಆಗುತ್ತದೆ, ಉಳಿದದ್ದು ನಾನು ಹಾಕುತ್ತೇನೆ ಎಂದು ಮುಖಿತ್ ಎಲ್ಲರ ಎದುರು ಹೇಳಿದ. ಅವನಿಗೆ ಊರಾಚೆ ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆ ಇತ್ತು. ಹೊಸ ಮನೆ ಕೊಂಡವರೆಲ್ಲ ಅವನ ಬಾಗಿಲಿಗೆ ಬರುತ್ತಿದ್ದ ಕಾಲ ಅದು.

ಸೊಸೆ ಗೌಹರ್ ಷೇರು, ಬಾಂಡು ಕೊಡಿಸುವ ದಲ್ಲಾಳಿ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಹಣ ನೋಡಿ ಅವಳ ಕೈ ಸುಮ್ಮನಿರಲಿಲ್ಲ.

"ಮನೇಲಿಟ್ರೆ ಬೆಲೆ ಏರಿಕೆ ತಿಂದ್ಹಾಕುತ್ತೆ ಅತ್ತೆ. ಸರ್ಕಾರಕ್ಕೆ ಸಾಲ ಕೊಡೋಣ. ವರ್ಷಕ್ಕೆ ನೂರಕ್ಕೆ ಹತ್ತೂವರೆ ಬರುತ್ತೆ."

"ಸರ್ಕಾರ ಓಡಿಹೋದ್ರೆ?"

"ಸರ್ಕಾರ ಎಲ್ಲಿಗೆ ಓಡುತ್ತೆ?"

"ಅದೂ ನಿಜ. ಅದಕ್ಕೆ ನಮ್ಮನ್ನ ಬಿಟ್ರೆ ಯಾರಿದಾರೆ? ಎಷ್ಟು ದಿನಕ್ಕೆ ಕೊಡೋದು?"

"ಹನ್ನೆರಡು ವರ್ಷದ ಬಾಂಡು. ಗಾಬರಿ ಆಗ್ಬೇಡಿ, ಯಾವತ್ತು ಬೇಕಾದ್ರೂ ಮಾರಬಹುದು."

ಹೇಳಿದ್ದರಲ್ಲಿ ಒಂದು ಸುಳ್ಳಿಲ್ಲ. ಎರಡು ವರ್ಷದ ಬಾಂಡಿಗಿಂತ ಅದರಲ್ಲಿ ಒಂದಿಷ್ಟು ಬಡ್ಡಿ ಹೆಚ್ಚಿತ್ತು, ಅದಕ್ಕೇ ಕೊಂಡಳು. ಯಾವತ್ತು ಬೇಕಾದರೂ ಮಾರಬಹುದು, ಆದರೆ ಅವತ್ತಿನ ಬೆಲೆಗೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ತಪ್ಪು ಯಾರದು ಎಂದು ಯಾರಾದರೂ ಕೇಳಿದರೆ ನಾನು ಗೌಹರಳದೇ ಎನ್ನುತ್ತೇನೆ. ಆಮೇಲೆ ಅವಳು ಆ ಚಳಿಗಾಲದಲ್ಲಿ ಅತ್ತೆಯ ಕಾಲಿಗೆ ದಿನಾ ಎಣ್ಣೆ ತಿಕ್ಕಿದ್ದು ನೆನಪಾಗಿ ಸುಮ್ಮನಾಗುತ್ತೇನೆ.

ಫೆಬ್ರವರಿಯಲ್ಲಿ ಕೇಂದ್ರ ಬ್ಯಾಂಕು ಬಡ್ಡಿದರ ಏರಿಸಿತು. ಏಪ್ರಿಲ್‌ನಲ್ಲಿ ಮತ್ತೆ ಏರಿಸಿತು. ಅವತ್ತು ಗೌಹರ್ ಕಚೇರಿಯಿಂದ ಬಂದವಳು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತಳು.

"ಅತ್ತೆ, ನೂರಕ್ಕೆ ಕೊಂಡ ಬಾಂಡು ಈಗ ತೊಂಬತ್ತಾಗಿದೆ. ಮಾರಿಬಿಡೋಣ."

ಅಜ್ಜಿ ಹಿಟ್ಟು ನಾದುತ್ತಿದ್ದಳು. "ಯಾಕೆ ಕಮ್ಮಿಯಾಯ್ತು? ಸರ್ಕಾರ ಬಡ್ಡಿ ಕೊಡ್ತಿಲ್ವಾ?"

"ಕೊಡ್ತಿದೆ. ನಮ್ಮದು ಹತ್ತೂವರೆ ಕೊಡುತ್ತೆ. ಆದ್ರೆ ಈಗ ಹೊಸದಾಗಿ ಬರೋ ಬಾಂಡು ಅದಕ್ಕಿಂತ ಜಾಸ್ತಿ ಕೊಡುತ್ತೆ. ಹಾಗಿದ್ಮೇಲೆ ನಮ್ಮದನ್ನ ನೂರು ಕೊಟ್ಟು ಯಾರು ತಗೋತಾರೆ?"

"ಅಂದ್ರೆ ಪಕ್ಕದ ಮನೆ ಕುದುರೆ ಜಾಸ್ತಿ ಹಾಲು ಕೊಡ್ತು ಅಂತ ನನ್ನ ಕುದುರೆ ಬೆಲೆ ಇಳೀತು."

"ಹೂಂ, ಹಾಗೇ."

"ನನ್ನದು ಹಾಲು ಕಮ್ಮಿ ಮಾಡ್ತಾ?"

"ಇಲ್ಲ."

"ಕಾಲು ಮುರ್ಕೊಳ್ತಾ?"

"ಇಲ್ಲ ಅತ್ತೆ."

"ಹಾಗಾದ್ರೆ ಸುಮ್ನಿರು. ಮಂಜು ಕರಗೋ ಹೊತ್ತಲ್ಲಿ ಎಲ್ಲಾ ಕುದುರೇದೂ ಪಕ್ಕೆಲುಬು ಕಾಣ್ಸುತ್ತೆ. ವಸಂತದಲ್ಲಿ ಯಾರಾದ್ರೂ ಕುದುರೆ ಮಾರ್ತಾರೇನೇ? ಬೇಸಿಗೆ ಮೇದು ಬರ್ಲಿ. ಶರತ್ಕಾಲದಲ್ಲಿ ಮೈ ತುಂಬ್ಕೊಂಡಾಗ ಮಾರೋಣ."

ಗೌಹರ್ ಗಂಡನ ಮುಖ ನೋಡಿದಳು. ಓದಿದವಳು ಅವಳು, ಬಾಂಡು ಹುಲ್ಲು ಮೇಯುವುದಿಲ್ಲ ಎಂದು ಗೊತ್ತಿದ್ದವಳು. ಆದರೆ ಮಾರಿದರೆ ಮೂರು ಲಕ್ಷ ನಷ್ಟ, ಅದು ಅವಳ ತಲೆಗೇ ಬರುತ್ತದೆ. ಕಾದರೆ ಬಡ್ಡಿದರ ಇಳಿದು ಬಾಂಡಿನ ಬೆಲೆ ಏರಲೂಬಹುದು. ಕಚೇರಿಯಲ್ಲಿ ದೊಡ್ಡವರೂ ಹಾಗೇ ಹೇಳುತ್ತಿದ್ದರು.

"ಅಮ್ಮ ಹೇಳೋದು ಸರಿ," ಎಂದ ಮುಖಿತ್. ಅವನಿಗೆ ಜಗಳ ಬೇಕಿರಲಿಲ್ಲ, ಊಟ ಬೇಕಿತ್ತು.

ಬೇಸಿಗೆಯಲ್ಲಿ ದರ ಮತ್ತೆ ಏರಿತು. ದಿನಾ ಬೆಳಿಗ್ಗೆ ಮೊಮ್ಮಗಳು ಇಂಕಾರ್, ಹದಿನೇಳರ ಹುಡುಗಿ, ಚಹಾ ಕುಡಿಯುತ್ತ ಮೊಬೈಲಿನಲ್ಲಿ ಬಾಂಡಿನ ಬೆಲೆ ನೋಡಿ ಅಜ್ಜಿಗೆ ಹೇಳುವುದು ರೂಢಿಯಾಯಿತು.

"ಅಜ್ಜಿ, ನಿನ್ನ ಕುದುರೆ ಇವತ್ತು ಎಂಬತ್ತೇಳು."

"ನಿನ್ನೆ?"

"ಎಂಬತ್ತೆಂಟು."

"ಹುಲ್ಲು ಸರಿಯಿಲ್ಲ ಅಂತ ಕಾಣುತ್ತೆ," ಎಂದು ಅಜ್ಜಿ ಹಾಲು ಬೆರೆಸಿದ ಚಹಾಕ್ಕೆ ಬೆಣ್ಣೆ ಹಾಕಿಕೊಳ್ಳುತ್ತಿದ್ದಳು. ಮೊದಮೊದಲು ಇಬ್ಬರೂ ನಗುತ್ತಿದ್ದರು. ಆಗಸ್ಟಿನ ಹೊತ್ತಿಗೆ ಇಂಕಾರ್ ಕೇಳಿದರೆ ಮಾತ್ರ ಹೇಳುತ್ತಿದ್ದಳು. ಸೆಪ್ಟೆಂಬರಿನಲ್ಲಿ ಅಜ್ಜಿ ಕೇಳುವುದನ್ನೂ ಬಿಟ್ಟಳು.

ಶುಕ್ರವಾರ ಬಂತೆಂದರೆ ಸತ್ತವರ ಹೆಸರಿನಲ್ಲಿ ಏಳು ರೊಟ್ಟಿ ಎಣ್ಣೆಯಲ್ಲಿ ಕರಿದು ನೆರೆಮನೆಗಳಿಗೆ ಹಂಚುವುದು ಅಜ್ಜಿಯ ಪದ್ಧತಿ. ಸೆಪ್ಟೆಂಬರಿನ ಒಂದು ಶುಕ್ರವಾರ ಗೌಹರ್ ಬಾಣಲೆ ಇಣುಕಿ ನೋಡಿದಳು.

"ಅತ್ತೆ, ಎಣ್ಣೆ ಎಷ್ಟಾಗಿದೆ ಗೊತ್ತಾ ಈಗ?"

"ಗೊತ್ತಿಲ್ಲ. ನಿಮ್ಮ ಮಾವನಿಗೂ ಗೊತ್ತಿಲ್ಲ. ಅವನಿಗೆ ವಾಸನೆ ಮುಟ್ಟಿದ್ರೆ ಸಾಕು."

"ನಾನು ಬೇಡ ಅಂದ್ನಾ? ಚಿಕ್ಕದಾಗಿ ಮಾಡಿ ಅಂದೆ."

"ರೊಟ್ಟಿ ಚಿಕ್ಕದು ಮಾಡು, ಊಟ ಚಿಕ್ಕದು ಮಾಡು. ಕೊನೆಗೆ ಅವನನ್ನೇ ಚಿಕ್ಕವನು ಮಾಡಿಬಿಡಿ."

ಊಟ ಚಿಕ್ಕದು ಮಾಡುವ ಮಾತು ಆಗಲೇ ಮನೆಯಲ್ಲಿ ಎದ್ದಿತ್ತು. ಊಟದ ಸಭಾಂಗಣದವನು ತಲೆಗೆ ಹದಿನಾರು ಸಾವಿರ ಎಂದಿದ್ದವನು ಇಪ್ಪತ್ತನಾಲ್ಕು ಎನ್ನುತ್ತಿದ್ದ. ಬಾಂಡು ಎಂಬತ್ತೈದಕ್ಕೆ ಬಂದು ನಿಂತಿತ್ತು. ಮುಖಿತ್ ತನ್ನ ಪಾಲಿನ ಮಾತನ್ನೇ ಎತ್ತುತ್ತಿರಲಿಲ್ಲ. ಮನೆಸಾಲ ತುಟ್ಟಿಯಾಗಿ ಹೊಸ ಮನೆ ಕೊಳ್ಳುವವರು ನಿಂತುಹೋಗಿದ್ದರು. ಮನೆಯೇ ಇಲ್ಲದವನಿಗೆ ಅಡುಗೆಮನೆಯ ಕಪಾಟು ಯಾಕೆ? ಮುಂಗಡ ಕೊಟ್ಟಿದ್ದ ಇಬ್ಬರು ಬಂದು ವಾಪಸು ಕೇಳಿಕೊಂಡು ಹೋದರು. ಇತ್ತ ಮರ ಕೊಯ್ಯುವ ಯಂತ್ರಕ್ಕೆ ಮಾಡಿದ್ದ ಸಾಲದ ಬಡ್ಡಿ ಕೇಂದ್ರ ಬ್ಯಾಂಕಿನ ದರದ ಜೊತೆಗೇ ಏರುವಂಥದ್ದು. ಸಹಿ ಹಾಕುವಾಗ ಅದು ಇಳಿಯುವುದೂ ಉಂಟು ಎಂದು ಬ್ಯಾಂಕಿನ ಹುಡುಗ ನಗುತ್ತ ಹೇಳಿದ್ದ.

ಅವತ್ತು ರಾತ್ರಿಯೂಟಕ್ಕೆ ಆಲೂಗಡ್ಡೆ ಸಾರು, ಅದರಲ್ಲಿ ಮಾಂಸ ಹುಡುಕಿದರೆ ಸಿಗುವಷ್ಟು. ಮುಖಿತ್ ಚಮಚ ಆಡಿಸುತ್ತ ಹೇಳಿದ: "ಅಮ್ಮಾ, ನೂರು ಜನಕ್ಕೆ ಮಾಡಿದ್ರೆ ಹೇಗೆ?"

"ಯಾವ ನೂರು ಜನನ್ನ ಬಿಡ್ಲಿ, ನೀನೇ ಹೇಳು. ನಿಮ್ಮಪ್ಪನ ಹೆಣ ಹೊತ್ತವರನ್ನಾ, ಗುಂಡಿ ತೋಡಿದವರನ್ನಾ?"

"ಕಾಲ ಹಾಗಿದೆ. ಜನಕ್ಕೂ ಅರ್ಥ ಆಗುತ್ತೆ."

"ಉಪವಾಸ ಹೋದವರಿಗೆ ಯಾವುದೂ ಅರ್ಥ ಆಗಲ್ಲ."

ಗೌಹರ್ ಮಧ್ಯೆ ಬಾಯಿ ಹಾಕಿದಳು. "ಅತ್ತೆ, ಬಾಂಡನ್ನ ಅವಧಿ ತನಕ ಇಟ್ಟುಕೊಂಡ್ರೆ ಮೂವತ್ತು ಲಕ್ಷವೂ ಪೂರ್ತಿ ಬರುತ್ತೆ. ಒಂದು ತೆಂಗೆ ಕಮ್ಮಿಯಾಗಲ್ಲ. ಅದಂತೂ ಖಂಡಿತ."

"ಯಾವಾಗ?"

"ಇನ್ನು ಹನ್ನೊಂದು ವರ್ಷಕ್ಕೆ."

ಅಜ್ಜಿಗೆ ಎಪ್ಪತ್ತಾರು. ಅವಳು ಸೊಸೆಯನ್ನು ನೋಡಿ ನಕ್ಕಳು, ಒಳ್ಳೆಯ ನಗೆಯೇ. "ಹಾಗಾದ್ರೆ ನಮ್ಮಿಬ್ಬರದೂ ಊಟ ಒಟ್ಟಿಗೇ ಮಾಡಿಬಿಡಿ. ಪಾತ್ರೆ ಬಾಡಿಗೆ ಉಳಿಯುತ್ತೆ."

ಇಂಕಾರ್‌ಗೆ ನಗು ಬಂತು, ಆಮೇಲೆ ಅಳು ಬಂದು ತಟ್ಟೆ ತೊಳೆಯಲು ಎದ್ದುಹೋದಳು.

ಅಕ್ಟೋಬರಿನ ಕೊನೆಗೆ ಕೇಂದ್ರ ಬ್ಯಾಂಕಿನ ಸಭೆ ಇತ್ತು. ಈ ಸಲ ಏರಿಸಲಾರರು ಎಂದು ಗೌಹರ್ ಮನೆಯವರಿಗೆಲ್ಲ ಹೇಳಿದ್ದಳು. ಅಜ್ಜಿ ಅವತ್ತು ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹೆಚ್ಚು ಹೊತ್ತು ಕೂತಳು. ಬ್ಯಾಂಕು ಹದಿನಾಲ್ಕೂವರೆ ಇದ್ದದ್ದನ್ನು ಒಂದೇ ಏಟಿಗೆ ಹದಿನಾರು ಮಾಡಿತು. ಬಾಂಡು ಎಂಬತ್ತಕ್ಕೆ ಬಿತ್ತು, ಷೇರುಗಳೂ ಬಿದ್ದವು. ಗೌಹರಳ ಕಚೇರಿಯಲ್ಲಿ ಸಂಜೆಯವರೆಗೂ ಜನ ಬಂದು ಬೈದರು. ಒಬ್ಬ ಮುದುಕ ಅವಳ ಮೇಜಿನ ಮುಂದೆ ಟೊಪ್ಪಿ ತೊಡೆಯ ಮೇಲಿಟ್ಟುಕೊಂಡು ಕಚೇರಿ ಮುಚ್ಚುವವರೆಗೂ ಕೂತಿದ್ದ. ಅವಳು ಮನೆಗೆ ಬಂದಾಗ ಅಜ್ಜಿ ಚಹಾ ಬಗ್ಗಿಸಿ ಮುಂದಿಟ್ಟಳು.

ಮರುದಿನ ದಾವ್ಲೆತ್ ಹಳ್ಳಿಯಿಂದ ಫೋನು ಮಾಡಿದ. ಅವನ ದನಿ ಫೋನಿಲ್ಲದೆಯೂ ಕೇಳಿಸುವಂಥದ್ದು.

"ಅತ್ತಿಗೆ, ವರ್ಷ ತುಂಬ್ತಾ ಬಂತು. ಅಣ್ಣನ ಕುದುರೆ ಎಷ್ಟು ಮೈ ತುಂಬಿದೆ ಗೊತ್ತಾ? ಬೆನ್ನಿನ ಮೇಲೆ ಬಟ್ಟಲಿಟ್ರೆ ಬೀಳಲ್ಲ. ಯಾವಾಗ ಊಟ?"

"ಮಾಡ್ತೀವಪ್ಪ."

"ಮಾಡ್ತೀವಿ ಅಂದ್ರೆ? ಜನಕ್ಕೆ ಹೇಳ್ಬೇಕು. ಮುಂದೆ ಹಾಕಿದ್ರೆ ಚಳಿಗಾಲದ ಹುಲ್ಲು ಯಾರು ಕೊಡ್ತಾರೆ? ಹುಲ್ಲಿನ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ."

"ನಿನ್ನ ಹುಲ್ಲಿಗೂ ಬಡ್ಡಿದರ ಬಂತಾ?"

"ಏನಂದೆ?"

"ಏನಿಲ್ಲ. ಹೇಳಿ ಕಳಿಸ್ತೀನಿ."

ಹೇಳಿ ಕಳಿಸುವ ಮೊದಲೇ ಮುಖಿತ್ ಬಂದು ತಾಯಿಯ ಮಂಚದ ಬಳಿ ನೆಲದ ಮೇಲೆ ಕೂತ. ನಲವತ್ತೈದರ ಗಂಡಸು ಹಾಗೆ ನೆಲದಲ್ಲಿ ಕೂತರೆ ಯಾವ ತಾಯಿಗೂ ವಿಷಯ ತಿಳಿಯುತ್ತದೆ.

"ಎಷ್ಟು ಬೇಕು?" ಎಂದಳು.

"ಮೂರು ಕಂತು ನಿಂತಿದೆ ಅಮ್ಮಾ. ಈ ತಿಂಗಳು ಕಟ್ಟದಿದ್ರೆ ಯಂತ್ರ ಎತ್ಕೊಂಡು ಹೋಗ್ತಾರೆ. ಎರಡು ತಿಂಗಳು ತಳ್ಳಿದ್ರೆ ಒಂದು ಶಾಲೆಯ ಕೆಲಸ ಸಿಗೋ ಹಾಗಿದೆ. ಸಿಕ್ಕ ತಕ್ಷಣ ವಾಪಸ್ ಕೊಡ್ತೀನಿ, ಆಗ ದೊಡ್ಡದಾಗೇ ಊಟ ಮಾಡೋಣ."

ಬಾಗಿಲ ಬಳಿ ನಿಂತಿದ್ದ ಗೌಹರ್ ಸಿಡಿದಳು. "ಈಗ ಮಾರಿದ್ರೆ ಎಂಬತ್ತು! ತೀರಾ ತಳಕ್ಕೆ ಬಿದ್ದಿರುವಾಗ ಮಾರ್ತೀಯಾ?"

"ಮಾರದೆ ಏನ್ ಮಾಡ್ಲಿ? ನೀನೇ ತಾನೇ ಅದರಲ್ಲಿ ಹಾಕಿದ್ದು?"

"ಏಪ್ರಿಲ್‌ನಲ್ಲಿ ಮಾರೋಣ ಅಂದೆ. ನೀನು ಬಾಯಿ ಬಿಟ್ಯಾ?"

"ಗಟ್ಟಿಯಾಗಿ ಹೇಳ್ಬೇಕಿತ್ತು! ಓದಿದೋಳು ನೀನು!"

"ಸಾಕು," ಎಂದಳು ಅಜ್ಜಿ. "ಬೇಡ ಅಂದಿದ್ದು ನಾನು. ಜೀವಮಾನ ಕುದುರೆ ನೋಡಿದೀನಿ ಅಂತ ಅದನ್ನೂ ಕುದುರೆ ಅನ್ಕೊಂಡೆ." ವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮಾರಿ. ಇದ್ದವರದು ಮೊದಲು. ಅವನು ಸಿಟ್ಟಾದ್ರೆ ನಾನು ಹೋಗಿ ಮಾತಾಡ್ಕೋತೀನಿ."

ಇಪ್ಪತ್ತನಾಲ್ಕು ಲಕ್ಷ ಬಂತು. ಹತ್ತೊಂಬತ್ತು ಬ್ಯಾಂಕಿಗೆ ಹೋಯಿತು. ಉಳಿದದ್ದರಲ್ಲಿ ಮನೆಯ ಕಂತು, ಇಂಕಾರಳ ಟ್ಯೂಷನ್ನು, ಕಿರಾಣಿ ಅಂಗಡಿಯ ಬಾಕಿ ತೀರಿಸಿ, ಕಡೆಗೆ ಕೈಯಲ್ಲಿ ಉಳಿದದ್ದು ಅಕ್ಕಿ, ಹಿಟ್ಟು, ಚಹಾ, ಸಕ್ಕರೆಗೆ ಆಗುವಷ್ಟು. ಊಟ ದಾವ್ಲೆತನ ಮನೆಯಲ್ಲಿ, ನಲವತ್ತು ಜನಕ್ಕೆ ಎಂದು ತೀರ್ಮಾನವಾಯಿತು. ಸದ್ಯ ಕುದುರೆ ಒಂದಿದೆ, ಮಾಂಸಕ್ಕೆ ಕೊರತೆಯಿಲ್ಲ, ಬಂದವರು ಹೊಟ್ಟೆ ತುಂಬ ತಿಂದು ಹೋಗಲಿ ಎಂದು ಅಜ್ಜಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನವೆಂಬರಿನ ಒಂದು ಮುಂಜಾನೆ ಕುದುರೆಯನ್ನು ಅಂಗಳಕ್ಕೆ ತಂದರು. ಬಾಲ ಸ್ವಲ್ಪ ಬೆಳೆದು ಮೊಂಡಾಗಿ ಕಾಣುತ್ತಿತ್ತು. ಅಜ್ಜಿ ಅದರ ಕುತ್ತಿಗೆ ತಬ್ಬಿ ಗಟ್ಟಿಯಾಗಿ ಅತ್ತಳು. ಗಂಡ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ. ಕಡಿದ ಮೇಲೆ ಕಣ್ಣೊರೆಸಿಕೊಂಡು ತೋಳು ಮಡಿಸಿ ಕೂತು, ಪಕ್ಕೆಯ ಮಾಂಸಕ್ಕೆ ಉಪ್ಪು, ಬೆಳ್ಳುಳ್ಳಿ ಹಚ್ಚಿ, ತೊಳೆದ ಕರುಳಿಗೆ ತುಂಬಿ, ಎರಡೂ ತುದಿ ತಾನೇ ದಾರ ಕಟ್ಟಿದಳು. ಅವಳ ಗಂಟು ಎರಡು ಸುತ್ತು ಹಾಕಿ ತಿರುಗಿಸಿ ಒಳಗೆ ಸಿಕ್ಕಿಸುವಂಥದ್ದು, ತವರಿನಿಂದ ಕಲಿತು ತಂದದ್ದು. ಆ ಹಳ್ಳಿಯಲ್ಲಿ ಬೇರೆ ಯಾರೂ ಹಾಗೆ ಕಟ್ಟುವುದಿಲ್ಲ.

ಅಜ್ಜಿ ಒಳಗೆ ಹೆಂಗಸರ ಜೊತೆ ಕೂತಿದ್ದಾಗ ಹಿತ್ತಲಲ್ಲಿ ಮುಖಿತ್ ಮಾಂಸವನ್ನು ಚೀಲಕ್ಕೆ ತುಂಬಿ ಕಾರಿನ ಹಿಂಭಾಗಕ್ಕೆ ಹೊರುತ್ತಿದ್ದ. ಗೌಹರ್ ಅವನ ಕೈ ಹಿಡಿದಳು.

"ಏನ್ ಮಾಡ್ತಿದ್ದೀಯ? ಇದು ಮಾವನ ಊಟದ್ದು."

"ನಲವತ್ತು ಜನಕ್ಕೆ ಅರ್ಧ ಸಾಕು."

"ಮನೆಗೆ ಎತ್ತಿಡಬಾರದು ಅಂತಾರೆ."

"ಚಳಿಗಾಲ ಪೂರ್ತಿ ನಮಗೆ ಮಾಂಸ ಯಾರು ತಂದ್ಕೊಡ್ತಾರೆ, ನಿಮ್ಮ ಕೇಂದ್ರ ಬ್ಯಾಂಕಾ? ಬಿಡು ಕೈ."

ಅವಳು ಕೈ ಬಿಟ್ಟಳು. ಆಮೇಲೆ ಇನ್ನೊಂದು ಚೀಲದ ಬಾಯಿ ಹಿಡಿದುಕೊಂಡಳು.

ಬಂದವರ ಮುಂದೆ ಅಗಲವಾದ ತಟ್ಟೆಗಳಲ್ಲಿ ಬೇಯಿಸಿದ ಹಿಟ್ಟಿನ ಹಾಳೆ ತುಂಬಾ ಇತ್ತು, ಮೇಲೆ ಮಾಂಸ ಅಷ್ಟಕ್ಕಷ್ಟೆ. ಹಿರಿಯನೊಬ್ಬ ಹಾಳೆಗಳನ್ನು ಸರಿಸಿ ಸರಿಸಿ ನೋಡಿದ. ದಾವ್ಲೆತನ ಹೆಂಡತಿ ಬಾಗಿಲ ಬಳಿ ಯಾರಿಗೋ ಹೇಳುವವಳ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಕಡಿದಿದ್ದು ಕುದುರೇನೋ, ಮೊಲಾನೋ!"

ಅಜ್ಜಿಗೆ ಕೇಳಿಸಿತು. ಅಷ್ಟು ದೊಡ್ಡ ಕುದುರೆ ಹೇಗೆ ಇಷ್ಟಾಯಿತು ಎಂದು ಅವಳಿಗೂ ತಿಳಿಯಲಿಲ್ಲ. ಬೇಸಿಗೆಯಲ್ಲಿ ಮೇದದ್ದೆಲ್ಲ ಎಲ್ಲಿ ಹೋಗುತ್ತದೆ ಎನ್ನುವುದು ಆ ವರ್ಷ ಅವಳಿಗೆ ತಿಳಿಯದೆ ಹೋದದ್ದು ಇದು ಎರಡನೇ ಸಲ. ಮುಲ್ಲಾ ಪ್ರಾರ್ಥನೆ ಹೇಳಿದ. ಹೆಂಗಸರು ಅಜ್ಜಿಯ ಕಪ್ಪು ವಸ್ತ್ರ ಬಿಚ್ಚಿ ಬಿಳಿಯದನ್ನು ಕಟ್ಟಿದರು. ಇವರು ಅಲ್ಮಾಟಿಗೆ ಹೊರಡುವಾಗ ದಾವ್ಲೆತ್ ಅತ್ತಿಗೆಯ ಮುಖ ನೋಡಲಿಲ್ಲ.

ಶಾಲೆಯ ಕೆಲಸ ಬರಲಿಲ್ಲ, ಶಾಲೆಗೆ ಬರಬೇಕಿದ್ದ ಹಣವೇ ನಿಂತುಹೋಯಿತಂತೆ. ಡಿಸೆಂಬರ್ ಮೊದಲ ವಾರ ಬ್ಯಾಂಕಿನವರು ಲಾರಿ ತಂದು ಯಂತ್ರ ಹೇರಿಕೊಂಡು ಹೋದರು. ಕಟ್ಟಿದ ಹತ್ತೊಂಬತ್ತು ಲಕ್ಷದ ಬಗ್ಗೆ ಮುಖಿತ್ ಕೇಳಿದ್ದಕ್ಕೆ, ಅದರಲ್ಲಿ ಬಹುಪಾಲು ಬಡ್ಡಿಗೂ ದಂಡಕ್ಕೂ ಹೋಯಿತು, ಅಸಲು ಹಾಗೇ ಇದೆ ಎಂದರು. ಗೌಹರಳ ಕಚೇರಿಯಲ್ಲಿ ಸಂಬಳ ಅರ್ಧಕ್ಕಿಳಿಯಿತು. ಮುಖಿತ್ ತನ್ನ ಕಾರನ್ನು ಬಾಡಿಗೆಗೆ ಓಡಿಸತೊಡಗಿದ. ಮನೆಯಲ್ಲಿ ಈಗ ಜಗಳವೂ ಕಡಿಮೆಯಾಗಿತ್ತು. ದೂರಿಕೊಳ್ಳಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ.

ಒಂದು ಶುಕ್ರವಾರ ಗೌಹರ್ ಬರುವುದು ತಡವಾಯಿತು. ರೊಟ್ಟಿ ಕರಿದಾದ ಮೇಲೆ ರಾತ್ರಿಗೆ ಏನಾದರೂ ಬೇಯಿಸೋಣ ಎಂದು ಅಜ್ಜಿ ತಾನೇ ಬಾಲ್ಕನಿಗೆ ಹೋದಳು. ಚಳಿಗಾಲದಲ್ಲಿ ಅಲ್ಲಿನ ಮರದ ಪೆಟ್ಟಿಗೆಯಲ್ಲೇ ಮಾಂಸ ಇಡುವುದು. ಯಾವಾಗಲೂ ಸೊಸೆಯೇ ಹೋಗಿ ತರುತ್ತಿದ್ದಳು, ಸಂತೆಯಿಂದ ತಂದದ್ದು ಎನ್ನುತ್ತಿದ್ದಳು. ಮೇಲಿನ ಚೀಲ ಸರಿಸಿದರೆ ಕೆಳಗೆ ಕರುಳಿಗೆ ತುಂಬಿದ ಮಾಂಸ ಹೆಪ್ಪುಗಟ್ಟಿ ಮಲಗಿತ್ತು. ಅಜ್ಜಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ತುದಿಯಲ್ಲಿ ದಾರ ಎರಡು ಸುತ್ತು, ಒಂದು ತಿರುವು, ಒಳಗೆ ಸಿಕ್ಕಿಸಿದ ಕೊನೆ.

ಬರಿಗಾಲಲ್ಲಿ ಅವಳು ಆ ಚಳಿಯಲ್ಲಿ ಎಷ್ಟೋ ಹೊತ್ತು ನಿಂತಿದ್ದಳು. ಇಂಕಾರ್ ಬಂದು, "ಅಜ್ಜೀ, ಬಾಗಿಲು ಹಾಕು, ಶೀತ ಆಗುತ್ತೆ," ಎಂದಾಗ ಒಳಗೆ ಬಂದಳು.

ಮುಖಿತನೂ ಗೌಹರಳೂ ಬಂದಾಗ ಮೇಜಿನ ಮೇಲೆ ಹಬೆಯಾಡುವ ದೊಡ್ಡ ತಟ್ಟೆ ಇತ್ತು. ತೆಳ್ಳಗೆ ಕೊಯ್ದ ಮಾಂಸವನ್ನು ಅಜ್ಜಿ ಸುತ್ತಲೂ ಅಂದವಾಗಿ ಜೋಡಿಸಿದ್ದಳು, ನೆಂಟರಿಗೆ ಇಡುವ ಹಾಗೆ. ನಡುವೆ ಆ ದಾರದ ತುಂಡನ್ನೂ ಇಟ್ಟಿದ್ದಳು. ಗೌಹರ್ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮುಖಿತ್ ಕೂರಲೂ ಆಗದೆ, ಹೊರಗೆ ಹೋಗಲೂ ಆಗದೆ ನಿಂತ.

"ಅಮ್ಮಾ..."

"ಕೂತ್ಕೋ. ಆರಿಹೋಗುತ್ತೆ."

"ಅಮ್ಮಾ, ನಾನು..."

"ಕೂತ್ಕೊಂಡು ಉಣ್ಣು. ನಿಮ್ಮಪ್ಪನದೇ."

ಅವನು ಕೂತ. ಇಂಕಾರಳ ಮೊಬೈಲು ಸದ್ದು ಮಾಡಿತು. ಅವಳು ಅಭ್ಯಾಸಬಲದಿಂದ ನೋಡಿ, ಅಭ್ಯಾಸಬಲದಿಂದಲೇ ಹೇಳಿಬಿಟ್ಟಳು: "ದರ ಮತ್ತೆ ಏರಿಸಿದ್ರಂತೆ. ಹದಿನಾರೂ ಮುಕ್ಕಾಲು." ಮಾರಲು ಈಗ ಅವರ ಬಳಿ ಏನೂ ಇರಲಿಲ್ಲ.

ಅಜ್ಜಿ ಎದ್ದು ತನ್ನ ಕೋಣೆಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದು ಹಾಕಿದ ಸದ್ದಾಯಿತು. ತಿರುಗಿ ಬಂದಾಗ ತಲೆಯ ಮೇಲೆ ಬಿಳಿ ವಸ್ತ್ರ ಇರಲಿಲ್ಲ, ಹಳೆಯ ಕಪ್ಪು ವಸ್ತ್ರ ಕಟ್ಟಿಕೊಂಡಿದ್ದಳು. ಬಂದು ತನ್ನ ಜಾಗದಲ್ಲಿ ಕೂತು ಎಲ್ಲರಿಗೂ ಚಹಾ ಬಗ್ಗಿಸತೊಡಗಿದಳು.

"ಅಜ್ಜಿ, ಮತ್ತೆ ಯಾಕೆ ಕಪ್ಪು ಕಟ್ಕೊಂಡೆ?" ಎಂದಳು ಇಂಕಾರ್.

"ಊಟ ಇನ್ನೂ ಮುಗಿದಿಲ್ವಲ್ಲ ಮಗೂ," ಎಂದಳು ಅಜ್ಜಿ. "ಬಾಲ್ಕನಿ ಪೆಟ್ಟಿಗೇಲಿ ಮಾರ್ಚ್ ತನಕ ಆಗೋಷ್ಟಿದೆ."

ಗೌಹರ್ ಅಳುತ್ತಲೇ ತುತ್ತು ಬಾಯಿಗಿಟ್ಟಳು. ಹಸಿದಿದ್ದ ಮುಖಿತ್ ತಲೆ ತಗ್ಗಿಸಿಕೊಂಡು ತಟ್ಟೆ ಖಾಲಿ ಮಾಡಿದ. ಅಜ್ಜಿ ಇನ್ನಷ್ಟು ಬಡಿಸಿದಳು.